ಕೆಂಪು ಗ್ರಹಕ್ಕೆ ಇಳಿಯದ ಹೆಸರು

ನವೆಂಬರ್ ೧೮, ಮಂಗಳವಾರ
ನಿಯಂತ್ರಣ ಕೇಂದ್ರದ ಕ್ಯಾಂಟೀನು, ಮಧ್ಯಾಹ್ನ

ಪ್ರೀತಿಯ ಮಿಸಾವೊ,

‘ಪ್ರೀತಿಯ’ ಎಂದದ್ದನ್ನು ನೋಡಿ ಮೂಗು ಮುರಿಯಬೇಡ. ಆರು ವರ್ಷದಿಂದ ನೀನು ಆ ಕಡಲ ದಂಡೆಯಲ್ಲಿ, ನಾನು ಈ ಬಾಡಿಗೆ ಕೋಣೆಯಲ್ಲಿ ಇದ್ದೇವೆ, ನಿಜ. ಆದರೆ ಹೆಂಡತಿಗೆ ಕಾಗದ ಬರೆಯುವಾಗ ಬೇರೆ ಹೇಗೆ ಶುರು ಮಾಡಬೇಕೆಂದು ನನಗೆ ಯಾರೂ ಕಲಿಸಲಿಲ್ಲ. ನಿನ್ನ ಕಾಗದ ಹೋದ ಗುರುವಾರ ತಲುಪಿತು. ಜೊತೆಗಿಟ್ಟಿದ್ದ ಮೀನಿನ ವಡೆಯೂ ತಲುಪಿತು. ಇಲ್ಲಿನ ಹುಡುಗರು ಮುಗಿಬಿದ್ದು ತಿಂದರು, ನನ್ನ ಪಾಲಿಗೆ ಉಳಿದದ್ದು ಎರಡು.

ಸುತ್ತಿ ಬಳಸಿ ಹೇಳುವುದಿಲ್ಲ. ನೀನು ಕೇಳಿದ್ದನ್ನು ನಾನು ನಡೆಸಿಕೊಡಲಿಲ್ಲ. ಈ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ‘ಚಿದೋರಿ’ಗೆ ಕೊನೆಯ ಆದೇಶ ಕಳಿಸಿದೆ. ನೌಕೆ ಮಂಗಳದ ಮೇಲೆ ಬೀಳುವುದಿಲ್ಲ. ಸಾವಿರ ಕಿಲೋಮೀಟರು ದೂರದಿಂದ ಹಾದುಹೋಗುತ್ತದೆ. ಇನ್ನು ಬೈಯುವುದಿದ್ದರೆ ಬೈದುಕೋ, ಆಮೇಲೆ ಮುಂದೆ ಓದು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ‘ಏನ್ರೀ, ನಿಮ್ಮ ನೌಕೆ ಕೆಟ್ಟೋಯ್ತಂತೆ, ಟೀವೀಲಿ ಹೇಳಿದ್ರು. ಕೆಟ್ಟಿದ್ರೆ ಕೆಟ್ಟಿರ್ಲಿ, ಹೋಗಿ ಅದ್ರ ಮೇಲೇ ಬೀಳ್ಲಿ ಬಿಡಿ. ಸುಟ್ಟು ಚೂರಾದ್ರೂ ಪರವಾಗಿಲ್ಲ, ನನ್ ಮಗಳಿಗೂ ಒಂದು ನೆಲ ಅಂತ ಆಗುತ್ತೆ. ಸಂಜೆ ಒಣಗಿದ ಬಟ್ಟೆ ತೆಗಿಯೋವಾಗ ತಲೆ ಎತ್ತಿದ್ರೆ ಕಾಣುತ್ತೆ. ನೀವೇನೂ ಮಾಡ್ಬೇಡಿ, ಸುಮ್ನೆ ಕೈ ಕಟ್ಕೊಂಡು ಕೂತ್ಕೊಳಿ, ಅಷ್ಟೇ ನಾನು ಕೇಳೋದು.’ ಅಯ್ಯೋ ಮಿಸಾವೊ, ಮೂವತ್ತು ವರ್ಷದ ಸಂಸಾರದಲ್ಲಿ ನೀನು ನನ್ನನ್ನು ಏನನ್ನೂ ಕೇಳಿದವಳಲ್ಲ. ಕೇಳಿದ್ದು ಇದೊಂದು.

ಉಡಾವಣೆಯ ಹಿಂದಿನ ವರ್ಷ ನಮ್ಮಲ್ಲಿ ಅಂಚೆ ಕಾರ್ಡುಗಳು ರಾಶಿ ಬಿದ್ದಿದ್ದವು, ನಿನಗೆ ನೆನಪಿರಬೇಕು. ಯಾರೇ ಹೆಸರು ಬರೆದು ಕಳಿಸಲಿ, ಅದನ್ನು ಅವರದೇ ಕೈಬರಹದಲ್ಲಿ, ಸಾಸಿವೆಗಿಂತ ಸಣ್ಣದಾಗಿ ತಗಡಿನ ಮೇಲೆ ಕೊರೆದು ಮಂಗಳಕ್ಕೆ ಕಳಿಸುತ್ತೇವೆಂದು ಸಾರಿದ್ದೆವು. ಬದುಕಿರುವವರ ಹೆಸರು ಬರುತ್ತವೆಂದುಕೊಂಡಿದ್ದೆವು. ಬಿಚ್ಚಿ ನೋಡಿದರೆ ತೀರಿಕೊಂಡ ಅಜ್ಜಿಯರು, ಯುದ್ಧದಿಂದ ಬಾರದ ಗಂಡಂದಿರು, ಹೆಸರಿಟ್ಟ ವಾರಕ್ಕೇ ಹೋದ ಕೂಸುಗಳು, ಸತ್ತ ನಾಯಿ ಬೆಕ್ಕುಗಳು. ಇದು ವಿಜ್ಞಾನವೋ ಶ್ರಾದ್ಧವೋ ಎಂದು ನಾನೇ ಗೊಣಗಿದ್ದೆ. ಆಗ ನನಗೆ ಸೊಕ್ಕು.

ನಮ್ಮ ಇಕುಮಿ ಮಾತ್ರ ತನ್ನ ಹೆಸರನ್ನು ತಾನೇ ಬರೆದಳು, ಹತ್ತೊಂಬತ್ತರ ಹುಡುಗಿ. ನಿನ್ನ ಪಕ್ಕ ನಿಂತು ವಡೆ ಕರಿಯುತ್ತಿದ್ದವಳು ಜಿಡ್ಡು ಕೈಯಲ್ಲೇ ಕಾರ್ಡು ಹಿಡಿದಳು. ‘ಕೈ ತೊಳ್ಕೊಂಡು ಬರಿಯೇ ಕೊಳಕಿ’ ಎಂದು ನೀನು ಗದರಿದೆ. ‘ಮಂಗಳದೋರಿಗೂ ನಮ್ಮನೆ ವಡೆ ವಾಸ್ನೆ ಗೊತ್ತಾಗ್ಲಿ ಬಿಡಮ್ಮ’ ಎಂದಳು. ರಾಕೆಟ್ಟು ನಮ್ಮೂರಿನ ಕಡಲ ಮೇಲಿಂದಲೇ ಹಾರುವುದರಿಂದ, ಉಡಾವಣೆಯ ದಿನ ಊರಿನ ದೋಣಿಗಳೆಲ್ಲ ಎಂದಿನಂತೆ ದಡದಲ್ಲೇ ಉಳಿದವು. ನಿಮ್ಮ ಮಹಿಳಾ ಸಂಘದವರು ಶುಭವಾಗಲೆಂದು ಕಾಗದದ ಕೊಕ್ಕರೆಗಳ ಸರ ತಂದು ನಮ್ಮ ಬಾಗಿಲಿಗೆ ಕಟ್ಟಿದರು. ಅವಳು ಗೋಡೆ ಹತ್ತಿ ಕುಣಿದಳು. ಅದು ಜುಲೈ.

ಅಕ್ಟೋಬರಿನಲ್ಲಿ ಇಕುಮಿ ಹತ್ತಿದ್ದ ನಿನ್ನ ತಮ್ಮನ ದೋಣಿ ಮಗುಚಿತು. ನಿನ್ನ ತಮ್ಮ ಮೂರನೆಯ ದಿನ ಹೆಣವಾಗಿ ಸಿಕ್ಕಿದ. ಇಕುಮಿ ಸಿಗಲೇ ಇಲ್ಲ.

ಮರುವರ್ಷ ನೀನು ಅವಳ ಹೆಸರಿನಲ್ಲಿ ಕಲ್ಲು ನಿಲ್ಲಿಸಿದೆ. ಮೂಳೆ ಇಡಬೇಕಾದ ಕುಡಿಕೆಯಲ್ಲಿ ಬಾಚಣಿಗೆಯನ್ನೂ ಶಾಲೆಯ ಬೂಟನ್ನೂ ಇಟ್ಟೆ. ಭಿಕ್ಷುವನ್ನು ಕರೆಸಿ ಮಂತ್ರ ಹೇಳಿಸಿದೆ. ಖಾಲಿ ಗೋರಿಗೆ ನಾನು ಕೈ ಮುಗಿಯುವುದಿಲ್ಲ ಎಂದೆ. ಆ ಮಾತನ್ನು ನಿನ್ನ ಅಕ್ಕತಂಗಿಯರೆದುರು, ಅಷ್ಟು ಜೋರಾಗಿ ಹೇಳಬಾರದಿತ್ತು. ‘ಹಾಗಾದ್ರೆ ಈ ಮನೆಗೂ ಕಾಲಿಡ್ಬೇಡಿ’ ಎಂದೆ ನೀನು. ಹಠಕ್ಕೆ ಬಿದ್ದು ನಾನು ಹೊರಟೇಬಿಟ್ಟೆ.

ಅಲ್ಲಿಂದ ನನಗೆ ಚಿದೋರಿಯೇ ಮನೆ. ದಾರಿಯಲ್ಲಿ ಅದರ ಇಂಧನದ ಕೊಳವೆ ಸೀಳಿ ದೊಡ್ಡ ಎಂಜಿನ್ ಸತ್ತುಹೋಯಿತು. ದಿಕ್ಕು ತಿರುಗಿಸಲು ಪಕ್ಕದಲ್ಲಿದ್ದ ಪುಟ್ಟ ಊದುಗೊಳವೆಗಳನ್ನೇ ನಂಬಿ, ಸೂರ್ಯನ ಸುತ್ತ ಸುತ್ತಿಸಿ, ಭೂಮಿಯ ಪಕ್ಕಕ್ಕೇ ಮತ್ತೆ ಕರೆತಂದು, ಅದರ ಸೆಳೆತದಿಂದ ವೇಗ ಪಡೆದು ಮಂಗಳದತ್ತ ತಿರುಗಿಸಿದೆವು. ಎಲ್ಲ ಸೇರಿ ಏಳು ವರ್ಷ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ದೇವಸ್ಥಾನದಿಂದ ತಾಯತ ತಂದು ಇಲ್ಲಿನ ನಿಯಂತ್ರಣ ಯಂತ್ರಕ್ಕೆ ಅಂಟಿಸಿದಳು. ನೋಡಿದರೆ ಅದು ಅಪಘಾತ ಆಗದಿರಲೆಂದು ಕಾರಿಗೆ ಕಟ್ಟುವ ತಾಯತ. ಕೇಳಿದ್ದಕ್ಕೆ ‘ಇದೂ ಒಂದು ಗಾಡಿನೇ ಅಲ್ವಾ ಸರ್?’ ಎಂದಳು. ಏಳು ವರ್ಷದಲ್ಲಿ ನಾನು ಬಾಯಿ ಬಿಟ್ಟು ನಕ್ಕದ್ದು ಅದೊಂದೇ ಸಲ ಇರಬೇಕು.

ಮಂಗಳದ ಹತ್ತಿರ ಬಂದಾಗ ದೊಡ್ಡ ಎಂಜಿನ್ನಿನಿಂದ ವೇಗ ಇಳಿಸಬೇಕು. ಆಗ ಗ್ರಹ ಅದನ್ನು ಹಿಡಿದು ತನ್ನ ಸುತ್ತ ಇಟ್ಟುಕೊಳ್ಳುತ್ತದೆ. ಎಂಜಿನ್ ಇಲ್ಲದ ಮೇಲೆ ಆ ಮಾತಿಲ್ಲ. ಸುತ್ತುವುದೆಂದರೆ ಬೀಳುತ್ತಲೇ ಇರುವುದು, ಆದರೆ ನೆಲ ತಪ್ಪಿಸಿಕೊಂಡು ಬೀಳುವುದು ಎಂದು ಇಕುಮಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದೆ. ಚಂದ್ರ ಯಾಕೆ ಬೀಳಲ್ಲ ಎಂದು ಪೀಡಿಸುತ್ತಿದ್ದಳಲ್ಲ. ‘ನಿಮ್ಮಪ್ಪನ ಹಾಗೆ ಕಣೇ, ಮನೇಗ್ ಬಂದ ಹಾಗ್ ಮಾಡಿ ಹಾಗೇ ಹೋಗ್ಬಿಡೋದು’ ಎಂದು ನೀನು ಒಲೆಯ ಮುಂದಿನಿಂದಲೇ ಚುಚ್ಚಿದ್ದೆ. ಅದಕ್ಕಿಂತ ಸರಿಯಾದ ವಿವರಣೆಯನ್ನು ನಾನು ಎಲ್ಲೂ ಕೇಳಿಲ್ಲ.

ಇನ್ನು ನಿಯಮದ ಮಾತು. ನೆಲಕ್ಕಿಳಿಯುವ ನೌಕೆಗಳನ್ನು ಒಂದು ಕ್ರಿಮಿಯೂ ಉಳಿಯದಂತೆ ಬೇಯಿಸಿ ತೊಳೆದಿರುತ್ತಾರೆ. ನಮ್ಮದು ಸುತ್ತಲು ಹೋದದ್ದು, ಅದನ್ನು ಹಾಗೆ ತೊಳೆದಿಲ್ಲ. ಮಂಗಳದಲ್ಲಿ ಜೀವವಿದ್ದರೆ ಇಲ್ಲಿನ ಕ್ರಿಮಿ ಅದಕ್ಕೆ ತಗಲಬಾರದು ಎಂದು ಎಲ್ಲ ದೇಶಗಳೂ ಒಪ್ಪಿಕೊಂಡಿವೆ. ಹಾಗೇ ಬಿಟ್ಟಿದ್ದರೆ ಚಿದೋರಿ ಬೀಳುವ ಸಂಭವ ನೂರರಲ್ಲಿ ಒಂದು. ಅಷ್ಟಕ್ಕೂ ಅವಕಾಶವಿಲ್ಲ. ಮುಖ್ಯಸ್ಥ ಕುರೊಗಿಯವರು ಹೇಳಿದರು, ನಾನು ಮಾಡಿದೆ. ನನ್ನ ಮುಂದೆ ಬೇರೆ ದಾರಿ ಇರಲಿಲ್ಲ.

ಆದೇಶ ಹೋಗಿ ಮುಟ್ಟಲು ಒಂಬತ್ತು ನಿಮಿಷ, ಉತ್ತರ ಬರಲು ಇನ್ನೊಂಬತ್ತು. ಆಮೇಲೆ ಪರದೆಯ ಮೇಲಿನ ಗೆರೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಿತು. ದಿಕ್ಕು ಬದಲಾಯಿತೆಂದು ಅರ್ಥ. ತಾಯತ ತಂದ ಹುಡುಗಿ ಗೊಳೋ ಎಂದು ಅತ್ತಳು. ಎಲ್ಲರೂ ಎದ್ದು ನಿಂತು ತಲೆ ಬಾಗಿಸಿದರು. ನಾನೂ ಬಾಗಿಸಿದೆ, ಮೇಲೆತ್ತಲು ತುಸು ಹೊತ್ತು ಹಿಡಿಯಿತು.

ಇನ್ನು ಮೇಲೆ ಅವಳ ಹೆಸರು ಎರಡು ಲಕ್ಷ ಹೆಸರುಗಳ ಜೊತೆ ಸೂರ್ಯನ ಸುತ್ತ ಹೋಗುತ್ತಿರುತ್ತದೆ. ನಾವಿಬ್ಬರೂ ಹೋದ ಮೇಲೂ ಹೋಗುತ್ತಿರುತ್ತದೆ. ಇದರಿಂದ ನಿನಗೆ ಸಮಾಧಾನ ಆಗಲಾರದೆಂದು ಗೊತ್ತು. ಬಟ್ಟೆ ತೆಗೆಯುವಾಗ ತಲೆ ಎತ್ತಿದರೆ ನಿನಗೆ ಕಾಣುವ ವಸ್ತುವಲ್ಲ ಅದು.

ಚಳಿ ಶುರುವಾಗಿದೆ. ಮಂಡಿನೋವಿಗೆ ಬಿಸಿನೀರಿನ ಶಾಖ ಬಿಡಬೇಡ.

ಇಂತು ನಿನ್ನ,
ಕಿಯೊಹರು

ಮರೆಮಾಚಿದ್ದು: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಬೇರೆ ದಾರಿ ಇರಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಕುರೊಗಿಯವರಿಗೆ ಇಕುಮಿಯ ವಿಷಯ ಗೊತ್ತು. ಬೆಳಿಗ್ಗೆ ಎಂಟೂವರೆಗೆ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ‘ನೋಡಪ್ಪ, ನೌಕೆ ಕಿವಿ ಹೆಚ್ಚುಕಮ್ಮಿ ಸತ್ತೋಗಿದೆ. ಆದೇಶ ಮುಟ್ಟಲಿಲ್ಲ ಅಂತ ನೀನು ಅಂದ್ರೆ ಮುಟ್ಟಲಿಲ್ಲ ಅಂತ್ಲೇ ನಾನೂ ಬರೀತೀನಿ. ಒಬ್ಬನೂ ಕೇಳಲ್ಲ. ಟೀ ಕುಡ್ಕೊಂಡು ಯೋಚ್ನೆ ಮಾಡು’ ಎಂದು ಹೋದರು. ನನಗೆ ಒಂದು ಗಂಟೆಯಿತ್ತು, ನಿನ್ನ ಕಾಗದವೂ ಜೇಬಿನಲ್ಲಿತ್ತು. ಕ್ರಿಮಿಯೂ ಇಲ್ಲ, ನಿಯಮವೂ ಇಲ್ಲ, ಅದ್ಯಾವುದೂ ಆಗ ನನ್ನ ತಲೆಯಲ್ಲಿರಲಿಲ್ಲ. ಅವಳ ಹೆಸರು ಆ ನೆಲಕ್ಕೆ ಬಿದ್ದಿದ್ದರೆ ಅವಳು ಸತ್ತಳೆಂದು ನಾನು ಒಪ್ಪಬೇಕಾಗಿತ್ತು. ನೀನು ಆರು ವರ್ಷದ ಹಿಂದೆಯೇ ಒಪ್ಪಿಕೊಂಡು, ಅತ್ತು, ಒಬ್ಬಳೇ ಅವಳನ್ನು ಮಣ್ಣಿಗಿಟ್ಟೆ. ನನ್ನ ಕೈಯಲ್ಲಿ ಆಗಲಿಲ್ಲ ಮಿಸಾವೊ, ನೂರರಲ್ಲಿ ಒಂದು ಪಾಲು ಕೂಡ ಆಗಲಿಲ್ಲ.