ಹತ್ತರಲ್ಲಿ ಎಷ್ಟು ನೋವು

ಇವಳೇ,

ಈ ಕಾಗದ ನಿನಗೆ ಮುಟ್ಟೋದಿಲ್ಲ ಅಂತ ಗೊತ್ತು, ಆದರೂ ಹೇಳದೆ ಇರಲಾರೆ. ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಅಂಡಾಶಯದ ಕ್ಯಾನ್ಸರಿಗೆ ಅಂತ ನಿನಗೂ ಕೊಟ್ಟು ನೋಡಿದರಲ್ಲ, ಆ ಹೊಸ ಔಷಧಿಯ ಸಂಶೋಧನೆ ಮುಗಿಯುತ್ತಾ ಬಂದಿದೆಯಂತೆ. ದಿನಾ ಬೆಳಿಗ್ಗೆ ನಿನ್ನ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಅಂತ ನೀನು ಹೇಳಿ ನಾನು ಬರೆಯುತ್ತಿದ್ದ ಪುಸ್ತಕ ಸುಳ್ಳು ಅಂತ ಒಪ್ಪಿಕೊಳ್ಳೋಕೆ ಹೋದೆ. ನೀನು ಏಳು ಅಂದರೆ ಐದಕ್ಕೆ ಇಳಿಸುತ್ತಿದ್ದೆ. ನೋವು ಜಾಸ್ತಿ ಅಂದರೆ ಔಷಧಿ ನಿಲ್ಲಿಸಿಬಿಡುತ್ತಾರೆ ಅನ್ನೋ ಭಯ. ಬಟ್ಟೆ ಹೊತ್ತು ಮಾರಿ ಅಂಗಡಿ ಇಟ್ಟವನಿಗೆ ಚೌಕಾಸಿ ಬಿಟ್ಟು ಬೇರೇನು ಗೊತ್ತು?

ನರ್ಸಮ್ಮ ನಕ್ಕರು. "ಯಜಮಾನ್ರೇ, ನಿಮ್ಮ ಪುಸ್ತಕ ನಾವು ಲೆಕ್ಕಕ್ಕೇ ತಗೊಂಡಿಲ್ಲ. ನೀವು ಅಂಗಡಿಗೆ ಹೋದಮೇಲೆ ಅಮ್ಮ ದಿನಾ ಫೋನ್ ಮಾಡೋರು. 'ನಮ್ಮವರು ನೋವಲ್ಲೂ ಚೌಕಾಸಿ ಮಾಡ್ತಾರೆ, ನಾನು ಹೇಳಿದ್ದನ್ನ ಬರ್ಕೊಳ್ಳಿ, ಮುಂದೆ ಬರೋ ಹೆಂಗಸರಿಗೆ ಬೇಕಾಗುತ್ತೆ' ಅನ್ನೋರು."

ನಾನೂ ನಕ್ಕೆ. ಆಮೇಲೆ ಅವರು ನಿನ್ನ ಕೊನೆಯ ವಾರದ ಹಾಳೆ ತೋರಿಸಿದರು. ಆ ವಾರ ನನಗೆ ನೀನೇ ದಿನಾ ಮೂರು ಅಂದಿದ್ದೆ. ಔಷಧಿ ಹಿಡಿಯಿತು ಅಂತ, ಒಂದಂಕಿಯೂ ಇಳಿಸದೆ ಬರೆದು, ಸಿಳ್ಳೆ ಹಾಕುತ್ತಾ ಅಂಗಡಿಗೆ ಹೋಗುತ್ತಿದ್ದೆ.

ಅವರ ಹಾಳೆಯಲ್ಲಿ ವಾರದುದ್ದಕ್ಕೂ ಒಂಬತ್ತು.