ಬೋರಲು ಹಾಕಿದ ಲೋಟ

ಉಗ್ರಾಣದ ಹಿಂದಿನ ಮನೆ,
ಮಾರ್ಚ್ ೧೨, ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ? ಕಾಲಿನ ಬಾವು ಇಳಿಯಿತೇ? ಕಿಟಕಿ ಪಕ್ಕದ ಮಂಚ ಕೊಟ್ಟರೋ, ಇಲ್ಲ ಇನ್ನೂ ಆ ಗೊರಕೆಯ ಮುದುಕನ ಪಕ್ಕದಲ್ಲೇ ಬಿದ್ದಿದ್ದೀಯೋ? ಬಾಯಿಬಿಟ್ಟು ಕೇಳು ಮಾರಾಯ. ನಿನಗೆ ಮೊದಲಿನಿಂದಲೂ ಪಕ್ಕದವನ ಮೊಣಕೈ ತಿವಿದರೂ ನೀನೇ ಕ್ಷಮೆ ಕೇಳುವ ರೋಗ. ನನ್ನ ಸೊಂಟ ಹಾಗೇ ಇದೆ, ಅದರ ಬಗ್ಗೆ ಬರೆಯುವುದು ಏನೂ ಇಲ್ಲ. ಕುಂಟುತ್ತೇನೆ, ಬೈಯುತ್ತೇನೆ, ಕೆಲಸಕ್ಕೆ ಹೋಗುತ್ತೇನೆ.

ನಿನ್ನ ಕಾಗದ ಇವತ್ತು ಬೆಳಿಗ್ಗೆ ಬಂತು. ಒಲೆ ಮುಂದೆ ನಿಂತೇ ಓದಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ನಿನ್ನ ಕೋಳಿಕಾಲಿನ ಅಕ್ಷರ ಬಿಡಿಸಲು ಹೊತ್ತು ಬೇಕಾಯಿತು, ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹೊಗೆ. "ನಾನು ಇನ್ನು ಅಲ್ಲಿಗೆ ಬರೋದಿಲ್ಲ ಅಕ್ಕ. ಕಾಯಬೇಡ, ನನ್ನ ರಮ್ಮಿನ ಪೀಪಾಯಿ ಬಾಯಿ ತೆಗೆದುಬಿಡಿ. ಹೇಗಿತ್ತು ಅಂತ ಬರಿ." ಎಷ್ಟು ಸಲೀಸಾಗಿ ಬರೆದುಬಿಟ್ಟೆಯೋ! ಮೂಲೆಯಂಗಡಿಗೆ ಹೋಗಿಬರುತ್ತೇನೆ ಅನ್ನುವ ಹಾಗೆ. ಡಾಕ್ಟರು ಏನು ಹೇಳಿದರು, ಯಾವಾಗ ಹೇಳಿದರು, ಅದೊಂದೂ ಇಲ್ಲ. ಸಿಟ್ಟು ನೆತ್ತಿಗೇರಿತು. ಹೊಗೆಗೆ ಕಣ್ಣು ಉರಿದು, ತಣ್ಣೀರಿನಲ್ಲಿ ಮುಖ ತೊಳೆದು, ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದೆ.

ನೀನು ಆಸ್ಪತ್ರೆಗೆ ಹೊರಟ ದಿನ "ನಾನು ಬರೋವರೆಗೂ ತೆಗೀಬೇಡಿ" ಅಂದಿದ್ದೆಯಲ್ಲ, ಆ ಒಂದು ಮಾತಿಗೆ ಉಗ್ರಾಣದ ಯಜಮಾನರ ಜೊತೆ ನಾನು ಎಷ್ಟು ಸಲ ಜಗಳವಾಡಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಅವರು ಕಂಬದ ಹಾಗೆ ನಿಂತು ಕೇಳಿಸಿಕೊಂಡು ಮುಂದಿನ ತಿಂಗಳು ಮತ್ತೆ ಬರುತ್ತಿದ್ದರು. ಇವತ್ತು ನಾನೇ ಹೋಗಿ, ಅವನ ಒಪ್ಪಿಗೆ ಬಂದಿದೆ, ತೆಗೆಯೋಣ ಅಂದೆ. ಅವರು ನನ್ನ ಮುಖ ನೋಡಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅದು ನನಗೆ ಇಷ್ಟವಾಗಲಿಲ್ಲ. ತಲೆಗೆ ಹಾಕ್ಕೊಳ್ಳಿ, ಯಾರೂ ಸತ್ತಿಲ್ಲ ಅಂದೆ.

ಮೀಸೆ ಚಿಗುರುವ ವಯಸ್ಸಿನಲ್ಲಿ ನೀನು ಪೀಪಾಯಿ ಕಟ್ಟುವುದನ್ನು ಕಲಿಯಲು ಆ ಕೆರಿಬಿಯನ್ ದ್ವೀಪಕ್ಕೆ ಹೋದವನು, ಎರಡು ಅಂಗಿ, ಒಂದು ಕೆಮ್ಮು, ಒಂದು ಪೀಪಾಯಿ ರಮ್ಮು ತಂದೆ. ಬಾಗಿಲಲ್ಲಿ ಅದನ್ನು ತಬ್ಬಿಕೊಂಡು ನಿಂತಿದ್ದೆ, ಹೆಂಡತಿಯನ್ನು ಕರೆತಂದವನ ಹಾಗೆ. ನಿಜವಾದ ಹೆಂಡತಿ ಆಮೇಲೂ ಬರಲಿಲ್ಲ, ಅದು ಬೇರೆ ಮಾತು. ಅವತ್ತಿನ ಯಜಮಾನರು, ಈಗಿನವರ ಅಪ್ಪ, ಒಂದು ಮಾತು ಕೊಟ್ಟರು: ರುಚಿ ನೋಡುವ ಇಬ್ಬರೂ ಹೂಂ ಅಂದರೆ ಇದನ್ನು ಬೇರೆಯಾಗಿಯೇ ಬಾಟಲಿಗೆ ತುಂಬಿ, ನೀನು ಕಟ್ಟಿದ ಪೀಪಾಯಿಗಳ ಮೇಲೆ ಕೆತ್ತುವ ಸುತ್ತಿಗೆಯ ಗುರುತನ್ನೇ ಹಾಕಿಸುತ್ತೇನೆ, ಒಬ್ಬರು ಬೇಡ ಅಂದರೂ ದೊಡ್ಡ ತೊಟ್ಟಿಗೆ, ಎಲ್ಲದರ ಜೊತೆ ಬೆರಕೆಗೆ. ಅಷ್ಟು ವರ್ಷ ನೀನು ಗೆಣ್ಣಿನಿಂದ ಅದರ ಹೊಟ್ಟೆ ತಟ್ಟಿ ನೋಡಿ "ಇನ್ನೂ ನಿದ್ದೆ ಮಾಡ್ತಿದೆ" ಅನ್ನುತ್ತಿದ್ದೆ. ಲಾಲಿ ಬೇರೆ ಹಾಡು ಅಂತ ನಾನು. ಜನ ಮಕ್ಕಳಿಗೆ ಹೆಸರು ಬಿಟ್ಟುಹೋಗುತ್ತಾರೆ, ನಿನಗೆ ಇದ್ದದ್ದು ಇದೊಂದೇ.

ರುಚಿ ನೋಡುವವರ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಹಾಕಿದರು, ಯಾವಾಗಿನ ಹಾಗೆ, ಒಬ್ಬರ ಲೋಟ ಇನ್ನೊಬ್ಬರಿಗೆ ಕಾಣದಂತೆ. ನಿನ್ನ ಕುರ್ಚಿಯಲ್ಲಿ ಈಗ ಕನ್ನಡಕದ ಹುಡುಗಿ. ಕಾಲೇಜಿನಲ್ಲಿ ಇದನ್ನೇ ಓದಿ ಬಂದಿದ್ದಾಳಂತೆ, ಮೂಸುವುದಕ್ಕೂ ಪರೀಕ್ಷೆ! ಅವಳ ಬೆನ್ನು ನನ್ನ ಬೆನ್ನಿಗೆ ತಾಗುವುದಿಲ್ಲ, ಸಣ್ಣ ಜೀವ. ನಿನ್ನ ಬೆನ್ನಾದರೆ ಗೋಡೆ. ನೀನು ಉಸಿರು ಎಳೆದದ್ದು ನನಗೆ ಗೊತ್ತಾಗುತ್ತಿತ್ತು. ಅವಳು ಒಂದೊಂದು ವಾಸನೆಗೂ ಪುಸ್ತಕದ ಮಾತು ಹೇಳುತ್ತಾಳೆ. ನಮ್ಮ ಮಾತು ಅವಳಿಗೆ ತಿಳಿಯುವುದಿಲ್ಲ. ಅಮ್ಮನ ಬೀರು ಅಂದರೆ ಕಳಿತ ಬಾಳೆಹಣ್ಣು, ಅಪ್ಪನ ಜೇಬು ಅಂದರೆ ಹೊಗೆಸೊಪ್ಪು ಮತ್ತು ಪೆಪ್ಪರಮಿಂಟು ಅಂತ ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೆ? ಅಪ್ಪ ತೀರಿಕೊಂಡ ವಾರ ನಾನು ಹಟ ಹಿಡಿದು ಕೆಲಸಕ್ಕೆ ಕೂತಾಗ ನೀನು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಮನೆಗೆ ಕಳಿಸಿದ್ದು ನೆನಪಾಯಿತು. "ಅತ್ತು ಬಂದ ಮೂಗಿಗೆ ಬರೀ ಮರ ಸಿಗತ್ತೆ, ನಡಿ ಮನೆಗೆ" ಅಂದಿದ್ದೆ. ಇಡೀ ಉಗ್ರಾಣದ ಮುಂದೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಸರಿ, ನೀನು ಕೇಳಿದ್ದು ಹೇಳುತ್ತೇನೆ. ಬಣ್ಣ ಚೆನ್ನಾಗಿತ್ತು, ಪಾಲಿಶ್ ಹಾಕಿದ ಹಳೆಯ ಬೂಟಿನ ಹಾಗೆ. ಲೋಟ ತಿರುಗಿಸಿದರೆ ಅಂಚಿನಿಂದ ನಿಧಾನವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಇಳಿಯುತ್ತಿತ್ತು. ಆದರೆ ಮೂಗಿಗೆ ಹಿಡಿದರೆ ಏನೂ ಇಲ್ಲ. ಮರ. ಒಣ ಹಲಗೆ. ಬಾಯಿಗೆ ಹಾಕಿದೆ: ಉರಿ, ಕಹಿ, ಪೆನ್ಸಿಲು ಅಗಿದ ಹಾಗೆ. ಒಂದು ಹನಿ ನೀರು ಬಿಟ್ಟು ಕಾದೆ. ಇನ್ನೊಂದು ಹನಿ ಬಿಟ್ಟೆ. ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದೆ. ತಮ್ಮಾ, ನಾನು ಅದನ್ನು ಬೇಡಿಕೊಂಡೆ. ಯಾವ ದೇವರನ್ನೂ ಹಾಗೆ ಬೇಡಿಕೊಂಡವಳಲ್ಲ. ಅಮ್ಮನ ಬೀರು ಇಲ್ಲ, ಅಪ್ಪನ ಜೇಬು ಇಲ್ಲ, ಕಾಕಂಬಿ ಕಾಯಿಸಿದ ಒಂದೆಳೆ ಸಿಹಿಯೂ ಇಲ್ಲ. ಮಲಗಿದ್ದು ಹೆಚ್ಚಾಯಿತು, ಮರವೇ ಅದನ್ನು ತಿಂದುಹಾಕಿದೆ ಅಂತ ನನಗನ್ನಿಸಿತು.

ಮೂಗಿಗೆ ನೆಂಟರಿಲ್ಲ ಅನ್ನುವುದು ನಿನ್ನದೇ ಮಾತು. ಉಳಿದದ್ದನ್ನು ಬಕೆಟ್ಟಿಗೆ ಚೆಲ್ಲಿ ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಎದ್ದು ತಿರುಗಿ ನೋಡಿದರೆ ಹುಡುಗಿಯ ಲೋಟ ನೆಟ್ಟಗೆ ನಿಂತಿದೆ! ಯಜಮಾನರು "ನೀವಾ ಬೇಡ ಅಂತಿರೋದು?" ಅಂದರು. ತಮ್ಮ ಅಂದಮಾತ್ರಕ್ಕೆ ಕಹಿ ಸಿಹಿಯಾಗುತ್ತಾ ಅಂದೆ. ಆ ಹುಡುಗಿ ನನ್ನ ತೋಳು ಹಿಡಿದು "ಅಜ್ಜಿ, ನಾಳೆ ಇನ್ನೊಂದು ಸಲ ನೋಡಿ, ದಯವಿಟ್ಟು" ಅಂದಳು. ನೀನು ಹುಟ್ಟೋ ಮುಂಚೆ ನನ್ನ ಮೂಗು ಕೆಲಸಕ್ಕೆ ಸೇರಿದೆ ಕಣೇ ಅಂತ ಕೊಡವಿಕೊಂಡು ಬಂದೆ. ಸುಳ್ಳು ಹೇಳಿ ನಿನ್ನ ಗುರುತು ಹಾಕಿಸಬಹುದಿತ್ತು. ಹಾಕಿಸಿದ್ದರೆ ನೀನು ಆ ಬಾಟಲಿಯನ್ನು ಮೂಸಿದ ಮೇಲೆ ಮತ್ತೆ ನನ್ನ ಮುಖ ನೋಡುತ್ತಿರಲಿಲ್ಲ. ನಾಳೆ ಬೆಳಿಗ್ಗೆ ತೊಟ್ಟಿಗೆ ಸುರಿಯುತ್ತಾರೆ. ಇದನ್ನು ಬರೆಯಲು ನನ್ನ ಕೈ ಬರುತ್ತಿಲ್ಲ, ಆದರೆ ನೀನು ಕೇಳಿದ್ದೀಯ, ಬರೆದಿದ್ದೇನೆ.

ಔಷಧಿ ಬಿಡಬೇಡ. ರಾತ್ರಿ ಕಾಲಿಗೆ ದಿಂಬು ಕೊಟ್ಟುಕೋ. ಗೊರಕೆಯ ಮುದುಕನಿಗೆ ನನ್ನ ಕಡೆಯಿಂದ ಒಂದು ಬೈಗುಳ, ನಿನ್ನ ತಲೆಗೆ ನನ್ನ ಕೈ. ನನ್ನ ಆಯಸ್ಸಿನಲ್ಲಿ ಮಿಕ್ಕಿದ್ದನ್ನು ಅರ್ಧ ಮಾಡಿ ಕೊಡುವ ಹಾಗಿದ್ದರೆ ದೊಡ್ಡ ಪಾಲು ನಿನಗೆ.

ಇಂತಿ ನಿನ್ನ ಅಕ್ಕ,
ಸಿಡುಕಿ

ಮರೆತ ಮಾತಲ್ಲ, ಈಗ ಬೆಳಿಗ್ಗೆ ಬರೆಯುತ್ತಿರುವುದು: ಈ ಕಾಗದ ಒಯ್ಯುವ ಲಾರಿ ಡ್ರೈವರ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಹೊಡೆಯಲಿ. ಲೋಟ ತೊಳೆಯಲು ಹೋಗಿದ್ದೆ. ಖಾಲಿ ಲೋಟ ಬೆಳಿಗ್ಗೆ ಮಾತಾಡುತ್ತದೆ ಅಂತ ನೀನು ದಿನಾ ಎಲ್ಲರಿಗಿಂತ ಮುಂಚೆ ಹೋಗಿ ಮೂಸುತ್ತಿದ್ದೆ, ನಾನು ನಗುತ್ತಿದ್ದೆ. ಬೋರಲು ಹಾಕಿದ್ದನ್ನು ಎತ್ತಿದೆ, ಮೂಗಿಗೆ ಹಿಡಿದೆ. ಎಲ್ಲವೂ ಇತ್ತು ಕಣೋ. ಅಮ್ಮನ ಬೀರು ಪೂರ್ತಿ ಬಾಗಿಲು ತೆರೆದುಕೊಂಡು ನಿಂತಿತ್ತು. ಅಪ್ಪನ ಜೇಬು, ಬೂಟಿನ ಪಾಲಿಶ್, ಸುಟ್ಟ ಸಕ್ಕರೆ, ಕೊನೆಗೆ ಸಣ್ಣಗೆ ಉಪ್ಪು, ಹಡಗಿನಿಂದ ಇಳಿದು ಬಂದ ದಿನ ನಿನ್ನ ಕೂದಲಿಗೆ ಇದ್ದಂಥದ್ದು. ಇಂಥದ್ದನ್ನು ನನ್ನ ಜನ್ಮದಲ್ಲಿ ಮೂಸಿಲ್ಲ. ಓಡಿದೆ, ಈ ಸೊಂಟ ಇಟ್ಟುಕೊಂಡು. ಅಂಗಳದಲ್ಲಿ ನಿನ್ನ ಪೀಪಾಯಿಗೆ ಪೈಪು ಹಿಡಿದು ತೊಳೆಯುತ್ತಿದ್ದರು. ಮೊದಲನೇ ಪಾಳಿಯವರು ಸುರಿದಾಗಿತ್ತು. ನಿನ್ನೆ ಒಲೆಯ ಹೊಗೆಯಲ್ಲ ತಮ್ಮಾ. ನಾನು ಅತ್ತಿದ್ದೆ, ಬಹಳ ಹೊತ್ತು ಅತ್ತಿದ್ದೆ, ಹಾಗೇ ಹೋಗಿ ಕೂತೆ. ನೀನಿದ್ದಿದ್ದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದೆ.

ಇನ್ನು ಉಳಿದಿರುವುದು ಈ ಲೋಟ ಮಾತ್ರ. ಬಾಯಿಗೆ ಮುಚ್ಚಳ ಬಿಗಿದು ಹತ್ತಿಯಲ್ಲಿ ಸುತ್ತಿ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಒಳಗೆ ಒಂದು ತೊಟ್ಟೂ ಇಲ್ಲ, ಡಾಕ್ಟರು ತಕರಾರು ಮಾಡುವ ಹಾಗಿಲ್ಲ. ಸ್ವಲ್ಪವೇ ತೆಗೆದು ಮೂಸು, ತಕ್ಷಣ ಮುಚ್ಚು. ಶನಿವಾರದ ರೈಲಿಗೆ ನಾನು ಬರುತ್ತೇನೆ. ನೀನು ಬರುತ್ತೀಯ ಅಂತ ನಾನು ಕಾದಿದ್ದೆನಲ್ಲ, ನಾನು ಬರುವವರೆಗೂ ನೀನು ಕಾಯಬೇಕು. ನರ್ಸಿಗೆ ಈಗಲೇ ಹೇಳಿಡು, ಲೋಟ ತೊಳೆಯಬಾರದು ಅಂತ.