ಆಮೆ ನಿಂತ ಜಾಗ

ಕೊಳದ ಕಟ್ಟೆಯಿಂದ
ಮಂಗಳವಾರ, ಮಧ್ಯಾಹ್ನ ಒಂದೂವರೆ

ಈಜು ಮೇಷ್ಟ್ರಿಗೆ,

ಹೆಂಡತಿಯ ಕಾಗದ ಎಂದು ಮುಖ ಸಿಂಡರಿಸಬೇಡಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಏನಿದ್ದರೂ ಬರೆದು ಕೊಡಲಿ ಎಂದು ನಿಮ್ಮ ವಕೀಲರು ಹೇಳಿಕೊಟ್ಟಿದ್ದಾರಂತೆ. ಸರಿ, ಬರೆದು ಕೊಡುತ್ತಿದ್ದೇನೆ. ನಾಲ್ಕು ಗಂಟೆಯ ತರಗತಿಗೆ ಮುಂಚೆ, ನಿಂತ ಕಾಲಲ್ಲೇ ಆದರೂ ಪೂರ್ತಿ ಓದಿ.

ಈಗ ಕೊಳದಲ್ಲಿ ಆಮೆ ಓಡುತ್ತಿದೆ. ಕೊಳ ತೊಳೆಯುವ ರೋಬೋಟಿಗೆ ಆ ಹೆಸರಿಟ್ಟವರು ನಿಮ್ಮ ಶಿಷ್ಯರೇ. ಅದು ನಡೆಯುವ ಬಗೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆಯುತ್ತೇನೆ, ನಿಮ್ಮ ವಕೀಲರು ಓದುವುದಾದರೆ ಅವರಿಗೂ ಅರ್ಥವಾಗಲಿ. ಹೊಟ್ಟೆಯಡಿಯ ನೀರನ್ನು ಹೀರಿ, ಕಸವನ್ನು ಚೀಲದಲ್ಲಿ ಉಳಿಸಿಕೊಂಡು, ನೀರನ್ನು ಬೆನ್ನ ಮೇಲಿಂದ ಉಗುಳುತ್ತದೆ. ಆ ಉಗುಳಿನ ರಭಸವೇ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಗೋಡೆ ಹತ್ತುವಾಗ ಬೀಳದಂತೆ ಅಂಟಿಸಿಡುವುದೂ ಅದೇ. ಎರಡು ರಬ್ಬರ್ ಪಟ್ಟಿಗಳ ಮೇಲೆ ಉರುಳುತ್ತಾ ಗೋಡೆಯೇರಿ, ನೀರಿನ ಮಟ್ಟಕ್ಕೆ ಬಂದು ಬುಸ್ಸೆನ್ನುತ್ತದೆ. ಆಗೆಲ್ಲ ನನಗೆ ನಿಮ್ಮನ್ನೇ ನೋಡಿದ ಹಾಗಾಗುತ್ತದೆ. ಅಂಚು ಉಜ್ಜಿ, ಅಡಿಯಷ್ಟು ಪಕ್ಕಕ್ಕೆ ಸರಿದು, ಕೆಳಗಿಳಿದು, ಎದುರು ಗೋಡೆಗೆ ನೇರ ಗೆರೆ ಎಳೆದಂತೆ ಹೊರಡುತ್ತದೆ.

ಮೂರು ವಾರದಿಂದ ಅದು ಆಳದ ಕಡೆ, ಗೋಡೆಯಿಂದ ಎರಡು ಮಾರು ದೂರದಲ್ಲಿ ನಿಲ್ಲುತ್ತಿದೆ. ಪಟ್ಟಿ ತಿರುಗುತ್ತದೆ, ಮೈ ಅಲುಗುವುದಿಲ್ಲ. ಸ್ವಲ್ಪ ಹೊತ್ತು ಒದ್ದಾಡಿ, ಹಿಂದೆ ಸರಿದು, ಬೇರೆ ದಾರಿ ಹಿಡಿಯುತ್ತದೆ. ಕೊಳದ ವ್ಯವಸ್ಥಾಪಕರು ಕೇಳಿದಾಗ, ಆಮೆಯ ಕರೆಂಟಿನ ಕೇಬಲ್ ತಿರುಚಿಕೊಂಡಿದೆ ಸಾರ್, ಅದಕ್ಕೇ ಎಳೀತಿದೆ ಅಂದೆ. ದಿನದ ಪುಸ್ತಕದಲ್ಲೂ ಹಾಗೇ ಬರೆದೆ. ಕೇಬಲನ್ನು ಮೊಣಕೈಗೆ ಸುತ್ತಿ ಸುತ್ತಿ ಎತ್ತಿಡುವ ನನ್ನ ಅಭ್ಯಾಸ ನಿಮಗೆ ಗೊತ್ತೇ ಇದೆ. ಹಾಗೆ ಸುತ್ತಬೇಡ ಮಾರಾಯ್ತಿ, ತಿರುಚು ಕೂತರೆ ಅದು ನೀರಲ್ಲಿ ದಾರಿ ತಪ್ಪುತ್ತೆ, ಬಿಸಿಲಲ್ಲಿ ಉದ್ದಕ್ಕೆ ಚಾಚು ಎಂದು ನೀವು ನೂರು ಸಲ ಹೇಳಿದ್ದಿರಿ. ಹೇಳಿದ್ದು ನೀವು ಅನ್ನುವ ಒಂದೇ ಕಾರಣಕ್ಕೆ ನಾನು ಚಾಚಲಿಲ್ಲ. ನನ್ನ ಹಟ ನಿಮಗೆ ಹೊಸದಲ್ಲವಲ್ಲ.

ನಿನ್ನೆ ಮೊನ್ನೆ ಆಮೆಗೆ ರಜೆ ಕೊಟ್ಟು, ಕೇಬಲನ್ನು ಕಟ್ಟೆಯುದ್ದಕ್ಕೂ ಚಾಚಿ ಬಿಸಿಲಿಗೆ ಹಾಕಿದೆ. ಇವತ್ತು ಅದರಲ್ಲಿ ಒಂದು ತಿರುಚೂ ಉಳಿದಿಲ್ಲ. ಆಮೆ ನೆಟ್ಟಗೆ ಹೋಗುತ್ತಿದೆ. ಆಳವಿಲ್ಲದ ಕಡೆ ಮುಗಿಸಿದೆ. ಆ ಜಾಗಕ್ಕೆ ಇನ್ನು ಏಳೆಂಟು ಗೆರೆ. ನಿಲ್ಲದೆ ದಾಟಿಬಿಟ್ಟರೆ ತಪ್ಪು ಕೇಬಲಿನದೇ, ಈ ಕಾಗದವನ್ನು ಹರಿದು ಹಾಕುತ್ತೇನೆ. ದಾಟಪ್ಪ, ದಾಟು ಎಂದು ಬೇಡಿಕೊಳ್ಳುತ್ತಾ ಕೂತಿದ್ದೇನೆ.

ಯಾಕೆಂದರೆ ಅಲ್ಲಿರುವುದು ತಳದ ಜಾಲರಿ. ದೊಡ್ಡ ಪಂಪು ಕೊಳದ ನೀರನ್ನು ಎಳೆದುಕೊಳ್ಳುವುದು ಅದರ ಮೂಲಕ. ನೀವು ಮಕ್ಕಳಿಗೆ ಮುಳುಗಿ ಹೆಕ್ಕಲೆಂದು ರಬ್ಬರ್ ಬಳೆ ಎಸೆಯುವುದೂ ಅಲ್ಲೇ.

ಇನ್ನು ನಾಲ್ಕು ಗೆರೆ.

ಇನ್ನು ಎರಡು.

ನಿಂತಿತು. ಅದೇ ಜಾಗ.

ಎರಡೂವರೆ ಗಂಟೆ. ಆಮೆಯನ್ನು ಮೇಲೆತ್ತಿಟ್ಟು ನಾನೇ ಇಳಿದು ನೋಡಿ ಬಂದೆ. ಕಾಗದ ಒದ್ದೆಯಾಗಿದ್ದರೆ ಅದಕ್ಕೇ. ದೊಡ್ಡ ಪಂಪು ಬಂದ್ ಇತ್ತು. ಉಸಿರು ಕಟ್ಟಿ ತಳಕ್ಕೆ ಹೋಗುವುದನ್ನು ಕಲಿಸಿದವರು ನೀವು, ಅದೊಂದು ಇನ್ನೂ ಮರೆತಿಲ್ಲ. ಜಾಲರಿಯ ನಾಲ್ಕು ಸ್ಕ್ರೂಗಳಲ್ಲಿ ಎರಡು ಇಲ್ಲ. ಒಂದು ಅಂಚು ಎದ್ದು ನಿಂತಿದೆ; ನನ್ನ ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಆಮೆಯ ಹೊಟ್ಟೆ ಸಿಕ್ಕಿಕೊಳ್ಳುತ್ತಿದ್ದದ್ದು ಆ ಅಂಚಿಗೆ. ಪಾಪ, ಅದು ದಿನವೂ ಅಲ್ಲೇ ನಿಂತು ತೋರಿಸಿತು, ನಾನು ಕೇಬಲಿಗೆ ಬೈದುಕೊಂಡೆ.

ವ್ಯವಸ್ಥಾಪಕರಿಗೆ ಹೇಳಿದೆ. ಶನಿವಾರದ ಸ್ಪರ್ಧೆ ಒಂದು ಮುಗೀಲಮ್ಮ, ಆಮೇಲೆ ನೀರು ಖಾಲಿ ಮಾಡಿಸೋಣ, ಅಲ್ಲೀತನಕ ಆಮೇನ ಆ ಕಡೆ ಬಿಡಬೇಡ ಅಂದರು. ಮೂರು ವಾರದಿಂದ ಕೇಬಲ್ ಕೇಬಲ್ ಅಂತ ಬರೆದೋಳು ನೀನು, ಕೆಲಸ ಹೋಗೋದು ಯಾರದು ನೋಡ್ಕೋ ಅಂತಲೂ ಸೇರಿಸಿದರು. ಪಂಪಿನ ಕೋಣೆಗೆ ಬೀಗ ಜಡಿದು ಕೀಲಿಯನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಆದರೆ ಅವರಲ್ಲಿ ಇನ್ನೊಂದು ಕೀಲಿ ಇದೆ. ಮೂರೂ ಮುಕ್ಕಾಲಿಗೆ ಪಂಪು ಹಾಕಿಯೇ ಹಾಕುತ್ತಾರೆ.

ನಾನು ನಗರಸಭೆಯ ಕಚೇರಿಗೆ ಓಡುತ್ತಿದ್ದೇನೆ. ತಪಾಸಣೆಯವರನ್ನು ಕರೆತರುವ ತನಕ ಒಂದು ಮಗುವನ್ನೂ ನೀರಿಗೆ ಇಳಿಸಬೇಡಿ. ವ್ಯವಸ್ಥಾಪಕರು ಏನೇ ಸಬೂಬು ಹೇಳಲಿ, ನೀವು ಜಗ್ಗಬೇಡಿ. ಗುಬ್ಬಿ ಶಾಲೆಯಿಂದ ನೇರ ಕೊಳಕ್ಕೇ ಬರುತ್ತಾಳೆ. ನೀರು ಕಂಡರೆ ತಡೆದುಕೊಳ್ಳುವ ಹುಡುಗಿಯಲ್ಲ ನಿಮ್ಮ ಮಗಳು. ರಟ್ಟೆ ಹಿಡಿದು ಕೂರಿಸಿ.

ಈ ಕಾಗದ ಶುಕ್ರವಾರ ನ್ಯಾಯಾಲಯಕ್ಕೆ ಹೋದರೆ ಏನಾಗುತ್ತದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಗುಬ್ಬಿ ಯಾರ ಹತ್ತಿರ ಇರಬೇಕು ಅನ್ನುವ ಮಾತು ಬಂದಾಗ, ಮಕ್ಕಳ ಜೀವ ಕಾಯುವ ಕೆಲಸವನ್ನೇ ಈಕೆ ನೆಟ್ಟಗೆ ಮಾಡಲಿಲ್ಲ ಸ್ವಾಮಿ ಎಂದು ನಿಮ್ಮ ವಕೀಲರು ಇದನ್ನೇ ಎತ್ತಿ ತೋರಿಸುತ್ತಾರೆ. ತೋರಿಸಲಿ. ಅವಳಿಲ್ಲದ ಮನೆಗೆ ಹಿಂದಿರುಗಬೇಕಾದೀತು ಎಂದು ಗೊತ್ತು. ಆದರೂ ಬರೆದಿದ್ದೇನೆ.

ಗೇಟಿನ ಕಾವಲುಗಾರರ ಕೈಯಲ್ಲಿ ಕೊಟ್ಟು ಹೋಗುತ್ತೇನೆ.

ಇಂತಿ,
ಗುಬ್ಬಿಯ ಅಮ್ಮ

ತಾ.ಕ.: ಗೇಟಿನ ಹತ್ತಿರ ಬಂದವಳು ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಕಳೆದ ಗುರುವಾರ ಬಳೆ ಹೆಕ್ಕಲು ಹೋದ ಗುಬ್ಬಿಯ ಜಡೆಯನ್ನು ಆ ಜಾಲರಿ ಒಳಗೆ ಎಳೆದುಕೊಂಡಿತ್ತು. ನೀವು ಚಿಕ್ಕ ಮಕ್ಕಳ ಕಡೆ ತಿರುಗಿದ್ದಿರಂತೆ. ಹೇಗೋ ಕಿತ್ತುಕೊಂಡು ಮೇಲೆ ಬಂದಳು, ಮನೆಗೆ ಬಂದು ನನಗೆ ಹೇಳಿದಳು. ಶುಕ್ರವಾರದ ವಿಚಾರಣೆಯೊಂದು ಕಳೆಯಲಿ ಎಂದು, ನೀರಿನ ಸೆಳೆತ ತಗ್ಗುವಂತೆ ಪಂಪಿನ ವಾಲ್ವನ್ನು ಅರ್ಧ ಮುಚ್ಚಿಟ್ಟು ಐದು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹರಿದ ಜಡೆ ಕಾಣದಿರಲೆಂದು ನಾನೇ ಕತ್ತರಿಸಿದ ಕೂದಲನ್ನು ನೋಡಿ ಯಾಕೆ ಎಂದು ನೀವು ಕೇಳಿದ್ದಕ್ಕೆ, ಹೇನಾಗಿತ್ತು ಅಪ್ಪ ಎಂದಳಲ್ಲ, ಅದಕ್ಕೆ ಅವಳನ್ನು ಬೈಯಬೇಡಿ. ಹಾಗೆ ಹೇಳು ಎಂದು ಕನ್ನಡಿಯ ಮುಂದೆ ನಿಲ್ಲಿಸಿ ಕಲಿಸಿದವಳು ನಾನು.